ಎರಡು ಸಲ ಸುಟ್ಟ ಕ್ಲಚ್ಚು

ಕ್ಲಚ್ಚಿನ ದೂರು ಹಿಡಿದು ಬಂದವರ ಜೊತೆ ನಾನು ನಗುನಗುತ್ತಾ ಮಾತಾಡುವುದಿಲ್ಲ. ನಕ್ಕರೆ ಪಾಪ ಅವರಿಗೆ ಆಸೆ ಹುಟ್ಟುತ್ತದೆ, ಆಮೇಲೆ ಆಗುವುದಿಲ್ಲ ಎಂದಾಗ ಬೈಗುಳ ಎರಡರಷ್ಟಾಗುತ್ತದೆ. ಚಾಮರಾಜಪೇಟೆಯ ಒಂದು ಕಾರ್ ಸರ್ವಿಸ್ ಸೆಂಟರಿನಲ್ಲಿ ವಾರಂಟಿ ನೋಡಿಕೊಳ್ಳುವವಳು ನಾನು. ಕಾರಿನಲ್ಲಿ ಏನಾದರೂ ಕೆಟ್ಟರೆ ಅದು ತಯಾರಿಸಿದವರ ತಪ್ಪೋ ಓಡಿಸಿದವರ ತಪ್ಪೋ ಎಂದು ಮೊದಲು ಬರೆಯಬೇಕಾದ ಕೈ ನನ್ನದು. ಬ್ಯಾಟರಿ, ಎ.ಸಿ., ಕಿಟಕಿಯ ಮೋಟರು ಇವೆಲ್ಲ ಸಲೀಸು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರಲ್ಲ, ಕ್ಲಚ್ಚಿನ ಜಗಳ ಗ್ರಾಹಕರ ಕೋರ್ಟಿನ ತನಕ.

ಕ್ಲಚ್ ಪ್ಲೇಟ್ ಎನ್ನುವುದು ಎಂಜಿನ್ನಿನ ತಿರುಗುವಿಕೆಯನ್ನು ಗೇರ್‌ಬಾಕ್ಸಿಗೆ ದಾಟಿಸುವ ತಟ್ಟೆ. ಎಡಗಾಲಿನ ಪೆಡಲ್ ಒತ್ತಿದರೆ ಅದು ಹಿಡಿತ ಬಿಡುತ್ತದೆ, ಕಾಲು ತೆಗೆದರೆ ಮತ್ತೆ ಹಿಡಿಯುತ್ತದೆ. ಅರ್ಧಂಬರ್ಧ ಒತ್ತಿಕೊಂಡೇ ಓಡಿಸಿದರೆ ಗಟ್ಟಿಯಾಗಿ ಹಿಡಿಯಲಾಗದೆ ಜಾರುತ್ತದೆ, ಕಾಯುತ್ತದೆ, ಸವೆದುಹೋಗುತ್ತದೆ. ತಯಾರಿಕೆಯ ದೋಷವಾದರೆ ಕಂಪನಿ ಹೊಸದು ಕೊಡುತ್ತದೆ, ಸವೆದದ್ದಾದರೆ ಕೊಡುವುದಿಲ್ಲ. ಸವೆದದ್ದು ದೋಷದಿಂದಲೇ ಎಂದು ಗ್ರಾಹಕರು ಅನ್ನುತ್ತಾರೆ. ಕಂಪನಿ ಅವರ ಕಾಲು ತೋರಿಸುತ್ತದೆ. ಮಧ್ಯದಲ್ಲಿ ಕೂತವಳು ನಾನು.

ಆ ದಂಪತಿ ಎರಡನೇ ಸಲ ಬಂದದ್ದು ಹೀಗೇ ಒಂದು ಬೆಳಿಗ್ಗೆ. ಗಂಡನಿಗೆ ಅರವತ್ತರ ಹತ್ತಿರ, ಹಣೆ ತುಂಬ ವಿಭೂತಿ, ಗರಿಗರಿ ಬಿಳಿ ಅಂಗಿ. ಹೆಂಡತಿ ಅವರಿಗಿಂತ ಐದಾರು ವರ್ಷ ಚಿಕ್ಕವರು, ಗಂಡನ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದರು. ಮನೆ ತ್ಯಾಗರಾಜನಗರ, ತರಗುಪೇಟೆಯಲ್ಲಿ ತಲೆಮಾರಿನಿಂದ ಬಂದ ಬೇಳೆಕಾಳಿನ ಸಗಟು ಅಂಗಡಿ. ಕೆಲವು ತಿಂಗಳ ಹಿಂದೆ ಇದೇ ಕಾರಿನ ಕ್ಲಚ್ ಸವೆದಿತ್ತು. ಹೊಸ ಗಾಡಿ, ಓಡಿದ್ದೂ ಕಡಿಮೆ ಎಂದು ಕಂಪನಿಯ ಜೊತೆ ಗುದ್ದಾಡಿ ಉಚಿತವಾಗಿ ಹಾಕಿಸಿಕೊಟ್ಟಿದ್ದೆ. ವರ್ಷ ತುಂಬುವುದರೊಳಗೆ ಮತ್ತೆ ಅದೇ.

"ಮೇಡಂ, ಎಂಜಿನ್ ಕೂಗತ್ತೆ, ಗಾಡಿ ಮಾತ್ರ ಮುಂದಕ್ಕೆ ಹೋಗಲ್ಲ. ಸುಟ್ಟ ವಾಸನೆ ಬೇರೆ," ಎಂದರು ಗಂಡ. "ನೀವು ಕೊಡ್ತಿರೋ ಮಾಲೇ ಸರಿ ಇಲ್ಲ. ನಾನು ಮೂವತ್ತು ವರ್ಷ ಗಾಡಿ ಓಡಿಸ್ದೋನು, ಒಂದು ಕ್ಲಚ್ ಸುಟ್ಟಿಲ್ಲ."

"ಈಗ ಓಡಿಸ್ತಿರೋದು ಯಾರು ಸರ್?"

"ನಾನು," ಎಂದರು ಹೆಂಡತಿ. ಆ ಒಂದು ಪದವನ್ನು ಅವರು ಹೇಳಿದ್ದು ಮೇಷ್ಟ್ರ ಮುಂದೆ ಕೈಚಾಚಿ ನಿಂತ ಹುಡುಗಿಯ ಹಾಗೆ.

ನನ್ನ ಮನಸ್ಸಿನಲ್ಲಿ ಕಡತ ಆಗಲೇ ಮುಚ್ಚಿತ್ತು. ಆದರೂ ಪದ್ಧತಿ ಪದ್ಧತಿಯೇ. ಗಾಡಿಯನ್ನು ಲಿಫ್ಟಿಗೆ ಏರಿಸಿ ಗೇರ್‌ಬಾಕ್ಸ್ ಇಳಿಸಿದೆವು. ಪ್ಲೇಟಿನ ಮೇಲಿನ ಪದರ, ಅದನ್ನು ಹಿಡಿದಿಡುವ ರಿವೆಟ್ ಮೊಳೆಗಳ ತನಕ ಸವೆದಿತ್ತು. ಅದು ಒತ್ತಿ ಕೂರುವ ಫ್ಲೈವ್ಹೀಲ್ ಎಂಬ ಭಾರದ ಉಕ್ಕಿನ ಚಕ್ರದ ಮೇಲೆ ನೀಲಿ ಕಲೆಗಳಿದ್ದವು. ಉಕ್ಕು ನೀಲಿಯಾಗಬೇಕಾದರೆ ತುಂಬ ಹೊತ್ತು, ತುಂಬ ಸಲ ಕಾದಿರಬೇಕು. ಎಂಜಿನ್ ಆಯಿಲ್ ಸೋರಿ ಪ್ಲೇಟಿಗೆ ತಗುಲಿದೆಯೇ ನೋಡಿದೆ, ಒಣಗಿತ್ತು. ಪೆಡಲ್ ಬಿಟ್ಟಾಗ ಪೂರ್ತಿ ಮೇಲೆ ಬರುತ್ತದೆಯೇ ಅಳೆಸಿದೆ, ಬರುತ್ತಿತ್ತು. ಪೆಡಲಿನಿಂದ ಕ್ಲಚ್ಚಿಗೆ ಒತ್ತಡ ದಾಟಿಸುವ ಸಿಲಿಂಡರ್ ಎಲ್ಲಾದರೂ ಸಿಕ್ಕಿಕೊಂಡಿದೆಯೇ ಎಂದು ಬಿಚ್ಚಿಸಿ ನೋಡಿದೆ, ಅದೂ ನೆಟ್ಟಗಿತ್ತು. ಕಳೆದ ಸಲ ಹಾಕಿದ ಪ್ಲೇಟ್ ಬಂದಿದ್ದ ಪೆಟ್ಟಿಗೆಯದೇ ಇನ್ನೊಂದು ಪ್ಲೇಟನ್ನು ಬೇರೆ ಗಾಡಿಗೆ ಹಾಕಿದ್ದೆವು. ಆ ಗಾಡಿಯವರಿಗೆ ಫೋನ್ ಮಾಡಿದರೆ, ಯಾಕೆ ಮೇಡಂ, ಚೆನ್ನಾಗೇ ಇದೆಯಲ್ಲ, ಎಂದರು. ಎಲ್ಲದರ ಫೋಟೋ ತೆಗೆದು, ತೆಗೆದ ಭಾಗಕ್ಕೆ ಚೀಟಿ ಕಟ್ಟಿ ಕಂಪನಿಗೆ ಕಳಿಸಿದೆ. ಮಾರನೇ ದಿನವೇ ಅಲ್ಲಿನ ವಾರಂಟಿ ಎಂಜಿನಿಯರ್ ತಿರಸ್ಕರಿಸಿದ್ದರು. ಕಾರಣ: ಚಾಲಕರ ಅಭ್ಯಾಸ.

"ಅದನ್ನೇ ಪ್ರಿಂಟ್ ತೆಗೆದು ಕೊಟ್ಬಿಡಿ, ಗಾಡಿ ಲಿಫ್ಟಿಂದ ಇಳೀಲಿ," ಎಂದರು ನಮ್ಮ ಸರ್ವಿಸ್ ಮ್ಯಾನೇಜರ್.

ಕೊಟ್ಟುಬಿಡುತ್ತಿದ್ದೆ. ಅಷ್ಟರಲ್ಲಿ ಆ ಗಂಡನ ಅಣ್ಣ ಬಂದರು. ಅಂಗಡಿಯ ಹಿರಿಯ ಪಾಲುದಾರರು. ಅದೇ ವಿಭೂತಿ, ಅದೇ ಬಿಳಿ ಅಂಗಿ, ಕೈಯಲ್ಲಿ ಮಾತ್ರ ಬಿಗಿಯಾಗಿ ಮಡಿಸಿದ ಕೊಡೆ. ತೀರ್ಮಾನ ಕೇಳಲು ಬಂದಿದ್ದ ತಮ್ಮ, ತಮ್ಮನ ಹೆಂಡತಿ ಇಬ್ಬರೂ ಅಲ್ಲೇ ಸೋಫಾದ ಮೇಲೆ ಕೂತಿದ್ದರೂ ಅವರ ಕಡೆ ತಿರುಗದೆ ನೇರ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಮೇಡಂ, ದುಡ್ಡಿನ ಮಾತು ಬಿಡಿ. ಓಡಿಸೋಕೆ ಬರಲ್ಲ ಅಂತ ಒಂದು ಕಾಗದ ಬರ್ಕೊಡಿ, ಸಾಕು. ನಾನು ಹೇಳಿದ್ರೆ ಕೇಳಲ್ಲ. ಅವನಿಗೆ ಕಣ್ಣು ಕಾಣಲ್ಲ, ಇವಳಿಗೆ ಓಡಿಸೋಕೆ ಬರಲ್ಲ. ನಾಳೆ ಎಲ್ಲಾದ್ರೂ ಗುದ್ದಿದ್ರೆ ಯಾರು ಜವಾಬ್ದಾರಿ? ಇಬ್ರೂ ಮನೇಲಿರ್ಲಿ, ಅಂಗಡಿ ನಾನು ನೋಡ್ಕೋತೀನಿ. ಹೆಂಗಸರು ಓಡಿಸೋ ಗಾಡಿ ಹಿಂಗೇ ಅಲ್ವಾ?"

ಮೂಗಿನ ತುದಿಯಲ್ಲಿ ಕೋಪ ಇರುವವಳು ಎಂದು ನನ್ನ ಮನೆಯವರು ಸುಮ್ಮನೆ ಹೇಳುವುದಿಲ್ಲ. "ನಾನೂ ಹೆಂಗಸೇ ಸರ್. ಇದೇ ಮಾಡೆಲ್ ಗಾಡಿ ಓಡಿಸ್ತೀನಿ. ನನ್ನ ಕ್ಲಚ್ ಇನ್ನೂ ಮೊದಲನೇದೇ," ಎಂದೆ. ಅವರು ಕೊಡೆಯನ್ನು ಒಮ್ಮೆ ನೆಲಕ್ಕೆ ಕುಟ್ಟಿ, ಕಾಗದಕ್ಕೆ ನಾಳೆ ಬರುತ್ತೇನೆ ಎಂದು ಹೊರಟುಹೋದರು. ಕೆಟ್ಟವರಲ್ಲ ಆತ, ತಮ್ಮನ ಮೇಲೆ ಪ್ರಾಣ. ಆದರೆ ಪ್ರೀತಿಯಿಂದಲೇ ಒಬ್ಬರನ್ನು ಮೂಲೆಗೆ ಕೂರಿಸಬಹುದು ಎನ್ನುವುದು ಅವರಿಗೆ ಹೊಳೆದಿರಲಿಲ್ಲ.

ಆಮೇಲೆ ಗಂಡ ಹೇಳಿದರು. ಗ್ಲೂಕೋಮಾ ಬಂದು ಅವರ ನೋಟ ಅಂಚಿನಿಂದ ಮುಚ್ಚುತ್ತಾ ಬಂದಿತ್ತು. ಎದುರಿಗಿರುವ ಮುಖ ಕಾಣುತ್ತದೆ, ಪಕ್ಕದ್ದು ಕೆಳಗಿನದ್ದು ಕಾಣುವುದಿಲ್ಲ. ಬೇಳೆ ನೋಡಲು ಕಣ್ಣು ಬೇಡ, ಕೈಯೂ ಹಲ್ಲೂ ಸಾಕು, ಆದರೆ ಅಂಗಡಿಗೆ ಹೋಗಬೇಕಲ್ಲ? ಆಟೋದವರು ಪೇಟೆಯ ಮೂಲೆಯಲ್ಲೇ ಇಳಿಸಿಬಿಡುತ್ತಾರೆ, ಅಲ್ಲಿಂದ ಕೈಗಾಡಿ, ಮೂಟೆಗಳ ನಡುವೆ ಎಡವುತ್ತಾ ನಡೆಯಬೇಕು. ಮನೆಯಿಂದ ಅಂಗಡಿ ಬಾಗಿಲಿನವರೆಗೆ ಕರೆದುಕೊಂಡು ಹೋಗಲೆಂದೇ ಹೆಂಡತಿ ಆ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಿದ್ದರು.

"ಇವಳು ಗೇರ್ ಹಾಕೋದು ನನಗೆ ಕಿವೀಲೇ ಗೊತ್ತಾಗತ್ತೆ ಮೇಡಂ. ಒಂಚೂರೂ ಕರಕರ ಅನ್ನಲ್ಲ. ಆ ಕಾಗದ ಮಾತ್ರ ಕೊಡ್ಬೇಡಿ. ಕೊಟ್ರೆ ನಮ್ಮಣ್ಣ ಅದಕ್ಕೆ ಫ್ರೇಮ್ ಹಾಕಿಸಿ ಗಲ್ಲಾದ ಮೇಲೆ ತೂಗು ಹಾಕ್ತಾನೆ."

ಹೆಂಡತಿ ನಗಲಿಲ್ಲ. "ನನ್ನದೇ ತಪ್ಪಿದ್ರೆ ತೋರ್ಸಿ ಮೇಡಂ, ತಿದ್ಕೋತೀನಿ. ಎಲ್ರೂ ತಪ್ಪು ತಪ್ಪು ಅಂತಾರೆ, ಎಲ್ಲಿ ಅಂತ ಒಬ್ರೂ ತೋರ್ಸಲ್ಲ," ಎಂದರು.

ಆ ಮಾತು ನನಗೆ ನಾಟಿತು. ನಮ್ಮಲ್ಲಿ ಗಾಡಿ ಪರೀಕ್ಷಿಸುವಾಗ ಓಡಿಸುವುದು ನಾವೇ, ಗ್ರಾಹಕರು ಪಕ್ಕದಲ್ಲಿ ಕೂರುತ್ತಾರೆ ಅಷ್ಟೆ. ಓಡಿಸಿದವರ ತಪ್ಪು ಎಂದು ಎಷ್ಟೋ ಜನರಿಗೆ ಬರೆದುಕೊಟ್ಟಿದ್ದೇವೆ, ಆದರೆ ಅವರು ಓಡಿಸುವುದನ್ನು ಯಾರೂ ನೋಡಿರಲಿಲ್ಲ. ವೈದ್ಯರು ರೋಗಿಯನ್ನು ಬಿಟ್ಟು ಅವರು ಉಂಡೆದ್ದ ಎಲೆಯನ್ನು ನೋಡಿ ಔಷಧಿ ಬರೆದಂತೆ. "ಬನ್ನಿ, ನೀವು ಓಡಿಸಿ, ನಾನು ನೋಡ್ತೀನಿ," ಎಂದೆ. ಮ್ಯಾನೇಜರ್ ಹಣೆ ಚಚ್ಚಿಕೊಂಡರು.

ಅವರ ಗಾಡಿ ಲಿಫ್ಟಿನ ಮೇಲೆ ಕರುಳು ಬಿಚ್ಚಿಕೊಂಡಿತ್ತಲ್ಲ, ಅದೇ ಮಾಡೆಲ್ಲಿನ ನಮ್ಮ ಡೆಮೋ ಕಾರು ತೆಗೆದೆವು. ಗಂಡ ಹಿಂದೆ, ನಾನು ಮುಂದೆ, ಕೈಯಲ್ಲಿ ಆಕೆಯ ಪಾದದ ವೀಡಿಯೋ ತೆಗೆಯುತ್ತಿದ್ದ ಫೋನು. ಬುಲ್ ಟೆಂಪಲ್ ರಸ್ತೆ ಹಿಡಿದು ಗಾಂಧಿ ಬಜಾರಿಗೆ ಹೋದೆವು. ಬೇಕೆಂದೇ ಹೂವಿನವರ, ತರಕಾರಿಯವರ ಸಂದಣಿಯೊಳಗೆ ನುಗ್ಗಿಸಿದೆ. ಆಟೋ ಅಡ್ಡ ಬಂತು, ಸ್ಕೂಟರಿನವನೊಬ್ಬ ಬಾಳೆಎಲೆಯ ಕಟ್ಟಿನ ಸಮೇತ ಎದುರಿಗೇ ನಿಂತ. ಆಕೆ ಗಾಬರಿಯಾಗಲಿಲ್ಲ. ಗೇರ್ ಹಾಕಿದ ಕೂಡಲೇ ಎಡಗಾಲು ಪೆಡಲ್ ಬಿಟ್ಟು ಪಕ್ಕಕ್ಕೆ ಹೋಗುತ್ತಿತ್ತು. ಏರಿನಲ್ಲಿ ನಿಂತಾಗ ಕ್ಲಚ್ಚಿನಲ್ಲಿ ತೂಗಾಡಿಸದೆ ಹ್ಯಾಂಡ್‌ಬ್ರೇಕ್ ಎಳೆದರು. ಬೆಂಗಳೂರಿನಲ್ಲಿ ಅಷ್ಟು ಶುದ್ಧವಾಗಿ ಓಡಿಸುವವರನ್ನು ನಾನು ಕಂಡದ್ದು ಕಡಿಮೆ. ನಾನೇ ಹಾಗೆ ಓಡಿಸುವುದಿಲ್ಲ.

ವಾಪಸು ಬಂದಾಗ ನನ್ನ ಪಕ್ಷ ಬದಲಾಗಿತ್ತು. ವೀಡಿಯೋ ಕಳಿಸಿ, ಎಂಜಿನಿಯರಿಗೆ ಫೋನ್ ಮಾಡಿದೆ. "ಈ ಪಾದಕ್ಕೆ ಚಾಲಕರ ಅಭ್ಯಾಸ ಅಂತ ಹೆಂಗೆ ಬರೀತೀರಿ?" ಎಂದು ಕೇಳಿದೆ. ಹಾಗಾದರೆ ಫ್ಲೈವ್ಹೀಲ್ ಯಾಕೆ ನೀಲಿ ಎಂದರು. ಉತ್ತರ ಗೊತ್ತಿಲ್ಲದಾಗ ನನ್ನ ದನಿ ಏರುತ್ತದೆ. ಅಣ್ಣ ಕಾಗದಕ್ಕೆ ಬಂದಾಗ, ಇನ್ನೂ ತೀರ್ಮಾನವಾಗಿಲ್ಲ ಎಂದು ಬರಿಗೈಲಿ ಕಳಿಸಿದೆ. ಎಂಜಿನಿಯರ್ ಜೊತೆ ಜಗಳ ಮುಂದುವರಿಯಿತು. ಕೊನೆಗೆ ಆತ ಸೋತು, ಬಿಡಿಭಾಗದ ದೋಷ ಎಂದು ಒಪ್ಪಿಗೆ ಕಳಿಸಿದರು. ಗಂಡನಿಗೆ ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು ಒಂದೇ. "ಆ ಕಾಗದದ ಮೇಲೆ ಸೀಲ್ ಹಾಕ್ಕೊಡ್ತೀರಾ ಮೇಡಂ? ಅಣ್ಣನಿಗೆ ತೋರಿಸ್ಬೇಕು."

ಗೆದ್ದೆ ಎಂದುಕೊಳ್ಳಬೇಕಿತ್ತು. ಆದರೆ ಆ ನೀಲಿ ಕಲೆ ಕಣ್ಣಿಂದ ಹೋಗಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಪ್ಲೇಟಿನ ದೋಷವಾದರೆ ಎರಡು ಬೇರೆ ಬೇರೆ ಪ್ಲೇಟು ಒಂದೇ ರೀತಿ ಸಾಯುವುದು ಹೇಗೆ? ಮೂರನೆಯದೂ ಸುಟ್ಟರೆ ಯಾವ ಸೀಲೂ ಆಕೆಯನ್ನು ಉಳಿಸುವುದಿಲ್ಲ. ಹೊಸ ಕ್ಲಚ್ ಹಾಕಿ ಗಾಡಿ ಒಪ್ಪಿಸುವ ದಿನ, ಒಪ್ಪಿಗೆಯ ಕಾಗದವನ್ನು ಚೀಲದಲ್ಲಿಟ್ಟುಕೊಂಡು, "ಅಂಗಡಿ ತನಕ ನಾನೂ ಬರ್ತೀನಿ, ನಿಮ್ಮ ಗಾಡೀಲೇ ಒಂದ್ಸಲ ನೋಡ್ಬಿಡ್ತೀನಿ," ಎಂದೆ.

ಈ ಸಲ ಗಂಡ ಮುಂದೆ ತಮ್ಮ ಜಾಗದಲ್ಲಿ ಕೂತರು. ನಾನು ಹಿಂದಿನ ಸೀಟಿನ ನಡುವೆ ಕೂತು ಮುಂದಕ್ಕೆ ಬಾಗಿದ್ದೆ. ಆಕೆ ಬಾಗಿಲು ತೆಗೆದು ಕೂತರು. ಚಪ್ಪಲಿ ಕಳಚಿದರು. ಬಗ್ಗಿ ಎರಡನ್ನೂ ಎತ್ತಿ, ಒಂದರ ಮೇಲೊಂದಿಟ್ಟು, ಪೆಡಲುಗಳ ಎಡಗಡೆಯ ಮೂಲೆಗೆ ಒತ್ತರಿಸಿದರು. ಆಮೇಲೆ ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ್ದ ಹಿತ್ತಾಳೆಯ ಪುಟ್ಟ ಲಿಂಗಕ್ಕೆ ಕೈಮುಗಿದು ಕೀಲಿ ತಿರುಗಿಸಿದರು.

ಈ ಮಾಡೆಲ್ಲಿನಲ್ಲಿ ಕ್ಲಚ್ಚಿನ ಎಡಕ್ಕೆ ಒಂದು ಪಟ್ಟಿ ಇರುತ್ತದೆ, ಗೇರ್ ಹಾಕದಾಗ ಎಡಗಾಲು ಇಟ್ಟುಕೊಳ್ಳಲು. ಆಕೆಯ ಚಪ್ಪಲಿ ಕೂತದ್ದು ಸರಿಯಾಗಿ ಅದರ ಮೇಲೆ. ಗಾಡಿ ಹೊರಟಿತು. ಎರಡನೇ ಗೇರ್ ಹಾಕಿದ ಮೇಲೆ ಎಡಗಾಲು ಅಭ್ಯಾಸದಂತೆ ಪಕ್ಕಕ್ಕೆ ಹೋಯಿತು, ಜಾಗ ಇಲ್ಲದೆ ಗಾಳಿಯಲ್ಲಿ ನಿಂತಿತು, ಸ್ವಲ್ಪ ಹೊತ್ತಿಗೆ ಆಯಾಸವಾಗಿ ಮೆಲ್ಲಗೆ ಬಂದು ಪೆಡಲಿನ ಮೇಲೆಯೇ ಕೂತಿತು. ಬರಿಗಾಲು, ಭಾರವೇ ಇಲ್ಲ ಅನ್ನುವ ಹಾಗೆ. ಅಷ್ಟು ಸಾಕು ಕ್ಲಚ್ಚಿಗೆ. ಡೆಮೋ ಕಾರಿನಲ್ಲಿ ದೇವರಿರಲಿಲ್ಲ, ಆದ್ದರಿಂದ ಚಪ್ಪಲಿ ಕಾಲಲ್ಲೇ ಇತ್ತು, ಪಟ್ಟಿ ಖಾಲಿ ಇತ್ತು. ಅವರು ಗಾಡಿ ತಂದು ಬಿಟ್ಟಾಗಲೆಲ್ಲ ಚಪ್ಪಲಿ ಹಾಕಿಕೊಂಡೇ ಇಳಿದಿದ್ದರು, ನಮಗೆ ಸಿಕ್ಕಿದ್ದು ಗುಡಿಸಿಟ್ಟಂಥ ಮೂಲೆ.

ಮಾರ್ಕೆಟ್ಟಿನ ಹತ್ತಿರ ಗಾಡಿಗಳು ನಿಂತವು. "ಅಕ್ಕಾ," ಎಂದೆ, ಅದುವರೆಗೆ ಮೇಡಂ ಅನ್ನುತ್ತಿದ್ದವಳು. "ನಿಮ್ಮ ಎಡಗಾಲು ಎಲ್ಲಿದೆ, ಒಂದ್ಸಲ ನೋಡ್ಕೊಳ್ಳಿ."

ನೋಡಿದರು. ಬಿಸಿ ತಾಕಿದ ಹಾಗೆ ಕಾಲು ಎಳೆದುಕೊಂಡರು. ದಾರಿ ಸಿಕ್ಕ ಕೂಡಲೇ ಗಾಡಿಯನ್ನು ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿದರು. ನಾನು ಎಲ್ಲ ಹೇಳಿದೆ. ಓಡಿಸುವುದು ತಪ್ಪಲ್ಲ, ಕಾಲಿಗೆ ಜಾಗ ಇಲ್ಲದ್ದು ತಪ್ಪು ಎಂದೆ. ಆಕೆಗೆ ಸಮಾಧಾನವಾಗಲಿಲ್ಲ.

"ದೇವರ ಮುಂದೆ ಚಪ್ಪಲಿ ಹಾಕ್ಕೊಂಡು ಕೂರೋದುಂಟಾ ಮೇಡಂ? ಬಲಗಡೆ ಇಟ್ರೆ ಬ್ರೇಕಿನ ಕೆಳಗೆ ಜಾರತ್ತೆ. ಹಿಂದಿನ ಸೀಟಲ್ಲಿ ಬೇಳೆ ಸ್ಯಾಂಪಲ್ ಇರತ್ತೆ, ತಿನ್ನೋ ಪದಾರ್ಥದ ಹತ್ರ ಇಡೋಕಾಗತ್ತಾ? ಇವರ ಕಾಲ ಹತ್ರ ನನ್ನ ಚಪ್ಪಲಿ ಇಡೋಕಾಗಲ್ಲ. ಉಳಿದಿದ್ದು ಅದೊಂದೇ ಮೂಲೆ."

ಗಂಡ ಕತ್ತು ಬಗ್ಗಿಸಿ, ಆ ಕಡೆ ಈ ಕಡೆ ತಿರುಗಿಸಿ, ಆ ಪೆಡಲುಗಳನ್ನು ತಮ್ಮ ಉಳಿದ ನೋಟದೊಳಗೆ ತಂದುಕೊಳ್ಳಲು ನೋಡುತ್ತಿದ್ದರು. "ಪಕ್ಕದಲ್ಲೇ ಕೂತಿದ್ದೆನಲ್ಲ," ಎಂದರು ಕೊನೆಗೆ. "ಕಣ್ಣಿದ್ದಿದ್ರೆ ಮೊದಲನೇ ದಿನಾನೇ ಹೇಳ್ತಿದ್ದೆ." ನನಗೆ ತುಂಬಾ ಸಂಕಟವಾಯಿತು. ತಪ್ಪು ಹಿಡಿದ ಹೆಮ್ಮೆ ಎಳ್ಳಷ್ಟೂ ಉಳಿಯಲಿಲ್ಲ.

ಚೀಲದಲ್ಲಿದ್ದ ಕಾಗದದ ಮಾತು ಬಂತು. ಅದು ಅವರ ಕೈಗೆ ಹೋದರೆ ಅಣ್ಣನ ಬಾಯಿ ಮುಚ್ಚುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಕೊಟ್ಟುಬಿಡಲೇ ಎಂದು ಒಂದು ಕ್ಷಣ ನನಗೂ ಅನ್ನಿಸಿತು, ಅಷ್ಟು ಬೇಕಾದವರಾಗಿಬಿಟ್ಟಿದ್ದರು. ಗಂಡ ಮೆಲ್ಲಗೆ, "ಅದು ಹೆಂಗೂ ಆಗೋಗಿದೆ ಅಲ್ವಾ ಮೇಡಂ?" ಎಂದರು. ಅಂಗಡಿ ನಡೆಸುವ ಮನುಷ್ಯ, ಹಾಗೆ ಕೇಳಲು ಅವರಿಗೆ ಎಷ್ಟು ಕಷ್ಟವಾಯಿತೋ.

"ಬೇಡ," ಎಂದರು ಆಕೆ. "ನನ್ನ ಕಾಲಿಂದ ಸುಟ್ಟಿದ್ದು, ದುಡ್ಡು ನಾವೇ ಕಟ್ಟೋಣ."

"ಅಣ್ಣನಿಗೆ ಏನು ಹೇಳೋದು?"

"ಇದ್ದಿದ್ದನ್ನ ಹೇಳೋದು. ಸುಳ್ಳು ಕಾಗದ ತೋರಿಸಿ ಓಡಿಸೋದಾದ್ರೆ ನನಗೆ ಈ ಕೀಲಿನೇ ಬೇಡ."

ಅಲ್ಲಿಂದಲೇ ಎಂಜಿನಿಯರಿಗೆ ಫೋನ್ ಮಾಡಿ ಕ್ಲೇಮು ಹಿಂದಕ್ಕೆ ತೆಗೆದುಕೊಂಡೆ. "ಜಗಳ ಆಡಿ ಒಪ್ಪಿಸಿದ್ದೂ ನೀವೇ, ಬೇಡ ಅನ್ನೋದೂ ನೀವೇನಾ?" ಎಂದು ಆತ ನಕ್ಕರು. ಕಾರಣದ ಜಾಗದಲ್ಲಿ, ಚಾಲಕಿ ಸರಿಯಾಗಿ ಓಡಿಸುತ್ತಾರೆ, ಎಡಗಾಲಿನ ಪಟ್ಟಿಗೆ ಅಡ್ಡಿಯಿತ್ತು, ಎಂದು ಬರೆಯಿರಿ, ಅಭ್ಯಾಸ ಎಂದು ಬರೆದರೆ ನಿಮ್ಮನ್ನು ಬಿಡುವುದಿಲ್ಲ ಎಂದು ಹೆದರಿಸಿದೆ. ಹಾಗೇ ಬರೆದರು.

ಫೋನ್ ಇಟ್ಟಾಗ ಗಂಡ ಹೆಂಡತಿಯ ಕಡೆ ಕೈ ಚಾಚಿದ್ದರು. "ಇಲ್ಲಿ ಕೊಡು."

"ಏನು?"

"ಚಪ್ಪಲಿ. ನಂದೂ ಇಲ್ಲೇ ಬಿಟ್ಟಿದೀನಿ, ನಿಂದೂ ಇರ್ಲಿ."

"ಥೂ, ಏನ್ರೀ ಇದು! ನನ್ನ ಚಪ್ಪಲಿ ನೀವು ಮುಟ್ತೀರಾ? ಅದೂ ಇವರ ಮುಂದೆ!"

"ದಿನಾ ನನ್ನ ಹೊತ್ಕೊಂಡು ಹೋಗೋಳು ನೀನು. ನಿನ್ನ ಚಪ್ಪಲಿ ನಾನು ಹೊರಬಾರ್ದಾ? ಕೊಡು ಅಂದ್ನಲ್ಲ."

ಆಕೆ ಕೊಡಲಿಲ್ಲ. ಅವರೇ ತಡಕಾಡಿ, ಬಾಗಿ ಎತ್ತಿಕೊಂಡು ತಮ್ಮ ಕಾಲ ಬಳಿ ಇಟ್ಟುಕೊಂಡರು. ಆಕೆ ಕಿಟಕಿಯ ಕಡೆ ಮುಖ ತಿರುಗಿಸಿ, ಸೆರಗಿನಿಂದ ಮೂಗು ಒರೆಸಿಕೊಂಡು ಗಾಡಿ ಹೊರಡಿಸಿದರು. ಎಡಗಾಲು ಪಟ್ಟಿಯ ಮೇಲೆ ಹೋಗಿ ಕೂತಿತು, ಅಲ್ಲೇ ಇತ್ತು.

ತರಗುಪೇಟೆಯ ಓಣಿಯಲ್ಲಿ ಲಾರಿಯಿಂದ ಮೂಟೆ ಇಳಿಯುತ್ತಿತ್ತು. ಆಕೆ ಕೈಗಾಡಿಗಳ ನಡುವೆ ಸೂಜಿಗೆ ನೂಲು ಪೋಣಿಸಿದ ಹಾಗೆ ಗಾಡಿ ತಂದು ಅಂಗಡಿ ಬಾಗಿಲಿಗೆ ನಿಲ್ಲಿಸಿದರು. ಅಣ್ಣ ಮೆಟ್ಟಿಲ ಮೇಲೆ ಕೊಡೆ ಹಿಡಿದು ನಿಂತಿದ್ದರು. ಹಮಾಲರು ಬೆನ್ನ ಮೇಲಿನ ಮೂಟೆಯ ಕೆಳಗಿಂದಲೇ ಕತ್ತು ಎತ್ತಿ ನೋಡಿದರು. ಗಂಡ ತಮ್ಮ ಚಪ್ಪಲಿ ಮೆಟ್ಟಿಕೊಂಡು ಇಳಿದರು. ಒಂದು ಕೈಯಿಂದ ಬಾನೆಟ್ ಸವರುತ್ತಾ, ಇನ್ನೊಂದು ಕೈಯಲ್ಲಿ ಹೆಂಡತಿಯ ಚಪ್ಪಲಿ ಹಿಡಿದು, ಸುತ್ತಿ ಬಂದು ಆಕೆಯ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತರು. ಎಡದ್ದು ಯಾವುದು ಬಲದ್ದು ಯಾವುದು ಎಂದು ಬೆರಳಿನಿಂದ ತಡವಿ, ಎರಡನ್ನೂ ನೆಲದ ಮೇಲೆ ಜೋಡಿಸಿಟ್ಟರು.

ಅಣ್ಣನ ಬಾಯಿ ತೆರೆದಿತ್ತು. "ಏನೋ ಇದು?"

"ಕ್ಲಚ್ ರಿಪೇರಿ ಅಣ್ಣ," ಎಂದರು ತಮ್ಮ, ಏಳದೆ.